ಕಟಕಟೆಗೆ ಬರುವ ಮೊದಲೇ ಕೊಂದರು

2019ರ ಡಿಸೆಂಬರ್ 6ರ ಬೆಳಗ್ಗೆ ಹೈದರಾಬಾದ್ ಬಳಿಯ ಶಾದ್‌ನಗರದ ಹತ್ತಿರ ಚಟಾನ್‌ಪಲ್ಲಿಯಲ್ಲಿ ಜನ ಪೊಲೀಸರ ಮೇಲೆ ಹೂವು ಎರಚಿದರು. ಪಶುವೈದ್ಯೆಯೊಬ್ಬಳ ಅತ್ಯಾಚಾರ, ಕೊಲೆಯ ಆರೋಪದಲ್ಲಿ ಪೊಲೀಸರ ವಶದಲ್ಲೇ ಇದ್ದು ಅವರ ಗುಂಡಿಗೆ ಸತ್ತ ನಾಲ್ವರು ಲಾರಿ ಕೆಲಸದವರ ಹೆಣ ಅಲ್ಲೇ ಹೊಲದಲ್ಲಿ ಬಿದ್ದಿತ್ತು. ಸೈಬರಾಬಾದ್ ಪೊಲೀಸರಿಗೆ ದೇಶವೇ ಜೈಕಾರ ಹಾಕಿತು. ಕಮಿಷನರ್ ಹುಬ್ಬಳ್ಳಿಯವರೆಂದು ಕನ್ನಡಿಗರೂ ಎದೆಯುಬ್ಬಿಸಿದರು. ನನಗೆ ನಾಚಿಕೆಯಾಯಿತು.

ಆ ಪಶುವೈದ್ಯೆಗೆ ಆದದ್ದು ಘೋರ. ನವೆಂಬರ್ 27ರ ಸಂಜೆ ತೊಂಡುಪಲ್ಲಿ ಟೋಲ್‌ಗೇಟ್ ಬಳಿ ಸ್ಕೂಟರ್ ನಿಲ್ಲಿಸಿ, ಗಚ್ಚಿಬೌಲಿಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಬಂದವಳು ಮನೆ ಸೇರಲಿಲ್ಲ. ದೂರು ಕೊಡಲು ಓಡಿದ ಮನೆಯವರನ್ನು ಇದು ನಮ್ಮ ಸರಹದ್ದಲ್ಲವೆಂದು ಪೊಲೀಸರು ಅಲೆದಾಡಿಸಿದರು. ಆ ರಾತ್ರಿಯ ನಿರ್ಲಕ್ಷ್ಯಕ್ಕೆ ಮೂವರು ಪೊಲೀಸರು ಅಮಾನತಾದರು. ಹೆಣ್ಣುಮಕ್ಕಳ ತಂದೆತಾಯಂದಿರ ಭಯ ನಿಜವಾದದ್ದು. ಆ ಭಯಕ್ಕೆ ಉತ್ತರ ಕೊಡಬೇಕಿದ್ದ ಇಲಾಖೆ ಒಂಬತ್ತೇ ದಿನಕ್ಕೆ ನಾಲ್ಕು ಹೆಣ ಕೊಟ್ಟು ಕೈತೊಳೆದುಕೊಂಡಿತು.

ಸತ್ತವರು ನಾರಾಯಣಪೇಟೆ ಜಿಲ್ಲೆಯ ಮಕ್ತಲ್ ಕಡೆಯ ಬಡವರು. ನಮ್ಮ ರಾಯಚೂರಿನಿಂದ ಕೃಷ್ಣೆ ದಾಟಿದರೆ ಸಿಗುವ ಸೀಮೆ ಅದು. ಅವರ ಪರ ವಕಾಲತ್ತು ವಹಿಸುವುದಿಲ್ಲವೆಂದು ಶಾದ್‌ನಗರದ ವಕೀಲರೇ ತೀರ್ಮಾನಿಸಿದ್ದರು. ಗಚ್ಚಿಬೌಲಿಯ ಕಂಪನಿ ಮಾಲೀಕನ ಮಗ ಆರೋಪಿಯಾಗಿದ್ದರೆ ನಸುಕಿನಲ್ಲಿ ಹೊಲಕ್ಕೆ ಕರೆದೊಯ್ಯುವ ಧೈರ್ಯ ಯಾವ ಪೊಲೀಸನಿಗಿತ್ತು?

ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್‌ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಹೊರಬಿತ್ತು. ಆರೋಪಿಗಳು ಪಿಸ್ತೂಲು ಕಸಿದು ಗುಂಡು ಹಾರಿಸಿದರೆಂಬ ಪೊಲೀಸರ ಮಾತನ್ನು ಆಯೋಗ ನಂಬಲಿಲ್ಲ. ಕೊಲ್ಲಲೆಂದೇ ಗುಂಡು ಹಾರಿಸಿದ್ದಾರೆ, ಹತ್ತು ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು ಎಂದಿತು. ಸತ್ತವರಲ್ಲಿ ಮೂವರಿಗೆ ಹದಿನೆಂಟು ತುಂಬಿರಲಿಲ್ಲ ಎಂದೂ ಹೇಳಿತು. ಮಕ್ಕಳು!

ಆರೋಪ ಬಂದವರೆಲ್ಲ ಅಪರಾಧಿಗಳಲ್ಲ. 1931ರಲ್ಲಿ ಅಮೆರಿಕದ ಸ್ಕಾಟ್ಸ್‌ಬರೋದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಅತ್ಯಾಚಾರದ ಆರೋಪ ಬಂತು. ಹೊರಗೆ ರೊಚ್ಚಿಗೆದ್ದ ಗುಂಪು, ಒಳಗೆ ಬರೀ ಬಿಳಿಯರ ಜ್ಯೂರಿ. ಕೆಲವೇ ದಿನಗಳಲ್ಲಿ ಎಂಟು ಮಂದಿಗೆ ಮರಣದಂಡನೆ. ಆಮೇಲೆ ದೂರುದಾರಳೊಬ್ಬಳೇ ತಾನು ಹೇಳಿದ್ದು ಸುಳ್ಳೆಂದಳು. ಅಷ್ಟು ದೂರ ಯಾಕೆ? 2007ರಲ್ಲಿ ವಿಜಯವಾಡದ ಬಳಿ ಹಾಸ್ಟೆಲಿನಲ್ಲಿ ವಿದ್ಯಾರ್ಥಿನಿಯ ಕೊಲೆಯಾದಾಗ ದಲಿತ ಯುವಕನೊಬ್ಬನನ್ನು ಹಿಡಿದು ಜೀವಾವಧಿ ಶಿಕ್ಷೆ ಕೊಡಿಸಿದರು. 2017ರಲ್ಲಿ ಹೈದರಾಬಾದ್ ಹೈಕೋರ್ಟ್ ಅವನನ್ನು ನಿರ್ದೋಷಿಯೆಂದು ಬಿಟ್ಟಿತು. ಅವನನ್ನೂ ಹೊಲದಲ್ಲೇ ಮುಗಿಸಿದ್ದರೆ?

ಆ ವೈದ್ಯೆಯ ಕೊಲೆಗೆ ವಿಚಾರಣೆಯೇ ನಡೆಯಲಿಲ್ಲ. ಯಾರು ಏನು ಮಾಡಿದರೆಂದು ಯಾವ ನ್ಯಾಯಾಲಯವೂ ಸಾಕ್ಷಿ ಕೇಳಿ ತೀರ್ಪು ಕೊಟ್ಟಿಲ್ಲ. ಅವಳಿಗೆ ನ್ಯಾಯ ಸಿಕ್ಕಿತೆಂದು ಸಿಹಿ ಹಂಚಿದವರೇ, ಸಿರ್ಪುರ್‌ಕರ್ ವರದಿ ತರಿಸಿ ಓದಿ. ಓದಿದ ಮೇಲೆ, ಆ ಹತ್ತು ಮಂದಿಯನ್ನು ಕಟಕಟೆಗೆ ತನ್ನಿ ಎಂದು ನಮ್ಮ ಜೊತೆ ನಿಂತು ಕೇಳಿ.