ಟೆಂಟ್‌ಗೆ ಎಷ್ಟು ಕೈ ಬೇಕು?

ಟೆಂಟ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಕೇಳುವುದು, ‘ಎಷ್ಟು ಜನ ಮಲಗ್ತೀರಾ ಮೇಡಂ?’ ಎಷ್ಟು ಜನ ಸೇರಿ ನಿಲ್ಲಿಸ್ತೀರಾ ಎಂದು ಯಾರೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ನಾನು ಮಂಡ್ಯದ ಪಕ್ಕದ ಹೊಳಲಿನವಳು. ಹಗಲು ಮಂಡ್ಯದಲ್ಲೊಂದು ಪುಟ್ಟ ಕೆಲಸ, ರಾತ್ರಿ ಸ್ಪರ್ಧಾತ್ಮಕ ಪರೀಕ್ಷೆಯ ಓದು, ನಡುವೆ ಎರಡನೇ ತರಗತಿಯ ಮಗಳು. ಅವಳಪ್ಪ ನಮ್ಮ ಜೊತೆ ಇಲ್ಲ. ಆ ಕಥೆ ಇಲ್ಲಿ ಬೇಡ. ಕಳೆದ ಬೇಸಿಗೆ ರಜೆಯಲ್ಲಿ ಅವಳಿಗೆ ಟೆಂಟ್‌ನೊಳಗೆ ಮಲಗುವ ಆಸೆ ಹುಟ್ಟಿತು. ಗೆಳತಿಯ ಹತ್ತಿರ ಆರು ಜನರ ದೊಡ್ಡ ಟೆಂಟ್ ಇತ್ತು, ಕೇಳಿ ತಂದೆ. ಸೋದರಮಾವನ ತೆಂಗಿನ ತೋಟದಲ್ಲಿ ಸಂಜೆ ಆರಕ್ಕೆ ಬಿಚ್ಚಿದೆ.

ಅದು ಸುರಂಗದ ಆಕಾರದ್ದು. ಉದ್ದನೆಯ ಕೋಲುಗಳನ್ನು ಬಟ್ಟೆಯೊಳಗೆ ತೂರಿಸಬೇಕು, ಲಂಗಕ್ಕೆ ಲಾಡಿ ಪೋಣಿಸಿದ ಹಾಗೆ. ನಾನು ಈ ತುದಿಯಿಂದ ತಳ್ಳುವಾಗ ಆ ತುದಿಯಲ್ಲಿ ಯಾರಾದರೂ ಹಿಡಿದಿರಬೇಕು. ಗೂಟ ಹೊಡೆದು ಎರಡೂ ಕಡೆ ಬಿಗಿದು ಕಟ್ಟುವ ತನಕ ಅದು ತಾನಾಗಿ ನಿಲ್ಲುವುದೂ ಇಲ್ಲ. ಬಿಸಿಲಿಗೆ ಕಲ್ಲಾಗಿದ್ದ ನೆಲದಲ್ಲಿ ಗೂಟ ಬಾಗಿತು. ಗಾಳಿ ಬಂತು. ಏಳು ವರ್ಷದ ಮಗು ಎಷ್ಟು ಹೊತ್ತು ಹಿಡಿದಾಳು? ಎಂಟು ಗಂಟೆಗೆ ಎಲ್ಲ ಸುತ್ತಿಟ್ಟು ಮಾವನ ಮನೆಯ ಹಜಾರದಲ್ಲಿ ಮಲಗಿದೆವು. ಕತ್ತಲಲ್ಲಿ ಅವಳು ಕೇಳಿದಳು, ‘ಅಮ್ಮ, ಅಪ್ಪ ಇದ್ದಿದ್ರೆ ನಿಲ್ತಿತ್ತಾ?’

ನನಗೆ ನಿದ್ದೆ ಬರಲಿಲ್ಲ. ನಿಲ್ಲುತ್ತಿತ್ತು, ನಿಜ. ಆದರೆ ಅದಕ್ಕೆ ಅಪ್ಪನೇ ಬೇಕಿರಲಿಲ್ಲ. ಇನ್ನೆರಡು ಕೈ ಸಾಕಿತ್ತು. ಇಲ್ಲವೇ ಎರಡೇ ಕೈ ಬೇಡುವ ಟೆಂಟ್ ಸಾಕಿತ್ತು. ಆಮೇಲೆ ಒಂದು ತಿಂಗಳು ಓದಿನ ಸಮಯ ಕದ್ದು ಟೆಂಟ್‌ಗಳ ಬಗ್ಗೆ ತಿಳಿದುಕೊಂಡೆ. ಸಿಲಬಸ್‌ನಲ್ಲಿ ಇದ್ದಿದ್ದರೆ ಪೂರ್ತಿ ಅಂಕ ಗ್ಯಾರಂಟಿ.

ಒಬ್ಬರೇ ಎಂದ ಕೂಡಲೇ ಎಲ್ಲರೂ ಹೇಳುವುದು ಪಾಪ್‌ಅಪ್ ಟೆಂಟ್. ಎಸೆದರೆ ಸಾಕು, ತಾನೇ ಅರಳುತ್ತದೆ. ಅರಳುವುದೇನೋ ಹೌದು, ಮಡಚುವುದೇ ಕುಸ್ತಿ. ತಿರುಚಿ, ಮಂಡಿಯಲ್ಲಿ ಒತ್ತಿ, ದುಂಡಗೆ ಮಾಡಿ ಚೀಲಕ್ಕೆ ತುರುಕಬೇಕು. ತುರುಕಿದ ಮೇಲೂ ಅದು ಮೊರಕ್ಕಿಂತ ಅಗಲ. ಕಾರಿದ್ದವರಿಗೆ ಪರವಾಗಿಲ್ಲ. ಒಂದು ಕೈಯಲ್ಲಿ ಮಗು ಹಿಡಿದು ರಶ್ ಇರುವ ಬಸ್ಸು ಹತ್ತುವವರಿಗೆ ಅದು ಆಗದ ಮಾತು.

ನಾನು ಕೊಂಡಿದ್ದು ಎರಡೇ ಕೋಲು ಅಡ್ಡಡ್ಡ ದಾಟುವ ಗುಮ್ಮಟದ ಟೆಂಟ್. ಕೋಲಿನ ತುದಿಗಳನ್ನು ಮೂಲೆಯ ತೂತುಗಳಿಗೆ ಸಿಕ್ಕಿಸಿ ಬಗ್ಗಿಸಿದರೆ ಅದು ತಾನೇ ನಿಲ್ಲುತ್ತದೆ. ಆಮೇಲೆ ಬಟ್ಟೆಯನ್ನು ಕ್ಲಿಪ್‌ಗಳಿಂದ ನೇತುಹಾಕಿದರಾಯಿತು. ಪೋಣಿಸುವ ರಗಳೆ ಇಲ್ಲ. ಗಾಳಿ ಇದ್ದರೆ ಮಾತ್ರ ಗಾಳಿ ಬೀಸುವ ಕಡೆಯ ಮೂಲೆಗೆ ಮೊದಲು ಗೂಟ ಹೊಡೆಯಬೇಕು, ಇಲ್ಲದಿದ್ದರೆ ಗಾಳಿಪಟ. ನಾವಿಬ್ಬರೇ ಆದರೂ ಮೂರು ಜನರದ್ದು ಕೊಂಡೆ. ಪೆಟ್ಟಿಗೆಯ ಮೇಲಿನ ‘ಇಬ್ಬರಿಗೆ’ ಎಂದರೆ ಭುಜಕ್ಕೆ ಭುಜ ತಾಗಿಸಿ ಮಲಗಬೇಕು, ಬ್ಯಾಗಿಗೆ ಜಾಗವಿಲ್ಲ. ನೆಲಹಾಸು ಗೋಡೆಗೆ ಹೊಲಿದೇ ಇರಬೇಕು, ಬಾಗಿಲ ಬಲೆಗೆ ಪೂರ್ತಿ ಜಿಪ್ ಇರಬೇಕು. ಹೊಳಲಿನ ಸೊಳ್ಳೆ ಕಂಡವರಿಗೆ, ತೋಟದಲ್ಲಿ ಹಾವು ಕಂಡವರಿಗೆ ಕಾರಣ ಹೇಳಬೇಕಿಲ್ಲ.

‘ಗಂಡಸರಿಲ್ದೆ ಇಬ್ಬರೇ ಹೋಗದಾ?’ ಎಂದರು ದೊಡ್ಡವ್ವ. ಅವರ ಭಯದಲ್ಲಿ ಅರ್ಧ ನ್ಯಾಯವಿದೆ. ನಮ್ಮ ಜಿಲ್ಲೆಯ ಮುತ್ತತ್ತಿಯ ಕಾವೇರಿ ದಂಡೆ ಎಷ್ಟೇ ಚೆಂದವಿದ್ದರೂ ಅದು ವನ್ಯಧಾಮ; ಅನುಮತಿಯಿಲ್ಲದೆ ಕಾಡಿನಲ್ಲಿ ಟೆಂಟ್ ಹಾಕುವಂತಿಲ್ಲ, ನದಿಯ ಸುಳಿಗೆ ಎಷ್ಟೋ ಜೀವ ಹೋಗಿವೆ. ಅಲ್ಲಿಗೆ ಗಂಡಸರು ಹತ್ತು ಜನ ಜೊತೆಗಿದ್ದರೂ ನಾನು ರಾತ್ರಿ ಮಗಳನ್ನು ಕರೆದೊಯ್ಯಲಾರೆ. ಜಾಗಕ್ಕೆ ಹೆದರೋಣ, ಶೌಚಾಲಯ, ಕಾವಲು ಇದೆಯೇ ಎಂದು ವಿಚಾರಿಸೋಣ. ಜೊತೆಗೆ ಗಂಡಸಿಲ್ಲ ಎಂಬುದಕ್ಕೇ ಹೆದರಿ ಕೂರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಂದ ನಮ್ಮ ಕಡೆ ಬರುವ ಹೆಂಗಸರು ಗದ್ದೆ ಬದಿಯಲ್ಲಿ ಟಾರ್ಪಾಲಿನ ಗುಡಿಸಲಿಗೆ ಗೂಟ ಬಡಿಯುವುದನ್ನು ನೋಡಿದ್ದೇನೆ. ನನ್ನದು ಒಂದು ರಾತ್ರಿಯ ಹುಚ್ಚು, ಅವರದು ಬದುಕು; ಹೋಲಿಸಬಾರದು. ಆದರೆ ‘ನಿಮಗೆ ಬರುತ್ತಾ’ ಎಂದು ಅವರನ್ನು ಯಾರೂ ಕೇಳಿದ್ದಿಲ್ಲ.

ನಾಲ್ಕೈದು ಜನ ಗೆಳೆಯರು ಕೂಡಿ ಹೋಗುವ ಕಾಲೇಜಿನವರಿಗೆ ಇದೆಲ್ಲ ಅತಿ ಅನಿಸಬಹುದು. ಆದರೂ ಮೊದಲು ಮನೆಯಲ್ಲೇ ಒಮ್ಮೆ ಹಾಕಿ ನೋಡಿ, ಹಗಲಿನಲ್ಲಿ. ನಾನು ನಮ್ಮ ತಾರಸಿಯಲ್ಲಿ ಹಾಕಿದೆ. ಗೂಟದ ಬದಲು ನಾಲ್ಕು ಮೂಲೆಗೆ ನೀರು ತುಂಬಿದ ಬಕೆಟ್. ಮೊದಲ ಸಲ 25 ನಿಮಿಷ ಹಿಡಿಯಿತು, ನಾಲ್ಕನೇ ಸಲ 9. ಕೆಳಗಿನ ಸಾಲಿನ ಕ್ಲಿಪ್‌ಗಳೆಲ್ಲ ಮಗಳದೇ ಜವಾಬ್ದಾರಿ. ನಾನು ಮುಟ್ಟಿದರೆ ಜಗಳ.

ಆ ರಾತ್ರಿ ಅವ್ವ ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದು, ಬಗ್ಗಿ ಒಳಗೆ ಇಣುಕಿದಳು. ಅವಳ ಕಾಲಕ್ಕೆ ಟೆಂಟು ಎಂದರೆ ಸಿನಿಮಾ ಟೆಂಟು, ನೆಲದ ಮೇಲೆ ಕೂತು ನೋಡುವುದು. ‘ಪಿಚ್ಚರ್ ಎಷ್ಟೊತ್ಗೆ ಸುರುವಾಯ್ತದವ್ವ?’ ಎಂದು ಮೊಮ್ಮಗಳನ್ನು ಕೇಳಿದಳು.

‘ಟಿಕೆಟ್ ತಗೊಂಡು ಬಾ ಅಜ್ಜಿ’ ಎಂದು ಇವಳು ಜಿಪ್ ಎಳೆದಳು.