ಹಿತ್ತಲಿಗೂ ಒಂದಿಷ್ಟು ಕತ್ತಲೆ ಬೇಕು

ನಮ್ಮ ಕಾವ್ಯಪರಂಪರೆಯಲ್ಲಿ ಪತಂಗಕ್ಕೆ ದೊರೆತಿರುವ ಪಾತ್ರ ಬಹುಮಟ್ಟಿಗೆ ಒಂದೇ: ದೀಪಕ್ಕೆ ಬಿದ್ದು ಸಾಯುವುದು. ಭಗವದ್ಗೀತೆಯ 11ನೆಯ ಅಧ್ಯಾಯದಲ್ಲಿ ವಿಶ್ವರೂಪವನ್ನು ಕಂಡ ಅರ್ಜುನನಿಗೆ ಕುರುಕ್ಷೇತ್ರದ ವೀರರು ಉರಿವ ಬೆಂಕಿಗೆ ಧಾವಿಸುವ ಪತಂಗಗಳಂತೆ ಕಾಣುತ್ತಾರೆ. ಉರ್ದು ಗಜಲಿನ ಶಮಾ ಮತ್ತು ಪರ್ವಾನಾ ಅದೇ ಸಾವನ್ನು ಪ್ರೇಮವೆಂದು ಹಾಡುತ್ತವೆ. ನೀತಿಬೋಧಕರಿಗೆ ಅದು ಇಂದ್ರಿಯಲೋಲುಪತೆ, ಸೂಫಿಗಳಿಗೆ ಆತ್ಮಾರ್ಪಣೆ. ಹಗಲಿನ ಬಂಧುವಾದ ಪಾತರಗಿತ್ತಿಗೆ ಬೇಂದ್ರೆಯವರಂಥ ಕವಿ ದೊರೆತು, ಅದರ ರೆಕ್ಕೆಯ ಬಣ್ಣ ಕನ್ನಡದ ಮಕ್ಕಳ ಬಾಯಲ್ಲಿ ನಿಂತಿತು. ಇರುಳಿನ ಪತಂಗಕ್ಕೆ ಬಣ್ಣವೂ ಇಲ್ಲ, ಬದುಕೂ ಇಲ್ಲ. ಅದರ ಕೊನೆಯ ಕ್ಷಣವೊಂದೇ ನಮ್ಮ ಸಾಹಿತ್ಯಕ್ಕೆ ಬೇಕಾಯಿತು.

ಈ ಉಪಮೆ ಅನ್ಯಾಯದ್ದು ಎಂಬುದು ನನ್ನ ಮೊದಲ ಮಾತು. ಅನ್ಯಾಯವಾದ ಉಪಮೆಯನ್ನು ನಮ್ಮ ಬಡಾವಣೆಗಳ ಬೆಳಕಿನ ವ್ಯಾಮೋಹವು ಈಗ ನಿಜ ಮಾಡಲು ಹೊರಟಿದೆ ಎಂಬುದು ಎರಡನೆಯದು.

ವರ್ಗಾವಣೆಯ ನೌಕರಿಯವರಿಗೆ ಹಿತ್ತಲು ಒಂದು ಅಪರೂಪದ ಭಾಗ್ಯ. ಪುಣೆಯಲ್ಲಿ ನನಗೆ ದೊರೆತ ಸರ್ಕಾರಿ ವಸತಿ ನೆಲಮಹಡಿಯದು; ಹಿಂದೆ ನಾಲ್ಕು ಗೋಡೆಗಳ ನಡುವೆ ಒಂದು ತುಂಡು ನೆಲ. ಹಿಂದೆ ಇದ್ದು ಹೋದವರು ನೆಟ್ಟ ನಂದಿಬಟ್ಟಲು, ಕರಿಬೇವು, ಒಂದು ಪೇರಲ ಮರ, ಯಾರೂ ನೆಡದೆ ತಾನಾಗಿ ಬೆಳೆದ ಔಡಲ, ಗೋಡೆಯ ಬಿರುಕಿನಲ್ಲಿ ಬೇರೂರಿದ ಅತ್ತಿಯ ಸಸಿ. ‘ಹಿತ್ತಲ ಗಿಡ ಮದ್ದಲ್ಲ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹತ್ತಿರದಲ್ಲಿರುವುದನ್ನು ಕಾಣದ ನಮ್ಮ ಕಣ್ಣಿನ ಬಗ್ಗೆ ಆಡಿದ ಮಾತು ಅದು. ಗಿಡವನ್ನೇ ಕಾಣದ ಕಣ್ಣಿಗೆ ಅದರ ಎಲೆಯಡಿಯ ಹುಳು ಕಾಣುವುದಂತೂ ದೂರದ ಮಾತು.

ಕಳೆದ ಬೇಸಿಗೆಯಲ್ಲಿ ವಾರಕ್ಕೆ ಎರಡು ರಾತ್ರಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ಒಂದು ಹಳೆಯ ಬಿಳಿ ಪಂಚೆಯನ್ನು ಇಳಿಬಿಟ್ಟು, ಅದರ ಮುಂದೆ ಒಂದು ಬಲ್ಬನ್ನು ತೂಗುಹಾಕಿ, ಮೊಬೈಲ್ ಕ್ಯಾಮೆರಾ ಹಿಡಿದು ಕೂರುವ ಕ್ರಮವನ್ನು ಇಟ್ಟುಕೊಂಡೆ. ಸಲಕರಣೆ ಇಷ್ಟೇ. ಅಳತೆ ತಿಳಿಯಲೆಂದು ಪಂಚೆಯ ಅಂಚಿಗೆ ಒಂದು ಚೌಕುಳಿ ಕಾಗದ. ಒಂದು ನಿಯಮವನ್ನು ಮಾತ್ರ ತಪ್ಪದೆ ಪಾಲಿಸಬೇಕು: ಒಂದೆರಡು ಗಂಟೆಯ ಬಳಿಕ ದೀಪ ಆರಿಸಿ, ಬಂದ ಅತಿಥಿಗಳು ಹೋಗಲು ಬಿಡಬೇಕು. ಬೆಳಗಿನವರೆಗೆ ದೀಪ ಉರಿದರೆ ಪಂಚೆಗೆ ಅಂಟಿ ಕುಳಿತವು ಮುಂಜಾವಿನ ಹಕ್ಕಿಗಳ ತಟ್ಟೆಗೆ ಬಡಿಸಿಟ್ಟ ಊಟವಾಗುತ್ತವೆ. ಗೋಡೆಯ ಹಲ್ಲಿಗಂತೂ ಅಷ್ಟು ಹೊತ್ತು ಕಾಯುವ ತಾಳ್ಮೆಯೂ ಇಲ್ಲ.

ಏಪ್ರಿಲ್ ತಿಂಗಳ ಒಣ ಬಿಸಿಲಿನಲ್ಲಿ ಪಂಚೆ ಹೆಚ್ಚುಕಡಿಮೆ ಬರಿದಾಗಿಯೇ ಇತ್ತು. ಅಡುಗೆಮನೆಯ ರವೆಯಲ್ಲಿ ಬಲೆ ಕಟ್ಟುವ ಬೂದುಬಣ್ಣದ ಪುಟ್ಟ ಪತಂಗ, ಗರಿಕೆಯಿಂದೆದ್ದ ಹುಲ್ಲುಬಣ್ಣದ ನಾಲ್ಕಾರು ಕಡ್ಡಿಗಳಂಥವು, ಅಷ್ಟೆ. ಭರಣಿ ಮಳೆ ಎರಡು ಹನಿ ಉದುರಿಸಿದ ಮೇಲೆ ಔಡಲದ ಪತಂಗ ಬಂತು. ಮುಚ್ಚಿದಾಗ ಮಣ್ಣುಬಣ್ಣದ ಮೇಲ್ರೆಕ್ಕೆ, ತೆರೆದಾಗ ಒಳರೆಕ್ಕೆಯಲ್ಲಿ ಕಪ್ಪುಬಿಳುಪಿನ ಪಟ್ಟೆ. ಕೃತ್ತಿಕೆಯಲ್ಲಿ ಅತ್ತಿಯ ಎಲೆ ತಿಂದು ಬೆಳೆದ ಅರಿಶಿನ ಬಣ್ಣದ ಪತಂಗ. ರೋಹಿಣಿ ಮಳೆಯ ಮೊದಲ ರಾತ್ರಿ ಪೇರಲದ ಕಡೆಯಿಂದ ಎಳೆನಿಂಬೆಯ ಹಸಿರಿನ ಒಂದು ಜೀವ ಬಂದು ಪಂಚೆಯ ಅಂಚಿನಲ್ಲಿ ಕುಳಿತಿತು. ಆ ಬಣ್ಣಕ್ಕೆ ಹೆಸರು ಹುಡುಕುತ್ತ ಕುಳಿತವನಿಗೆ ಅದರ ವೈಜ್ಞಾನಿಕ ಹೆಸರು ಟ್ರಬಾಲಾ ವಿಷ್ಣು ಎಂದು ಮರುದಿನ ತಿಳಿಯಿತು. 19ನೆಯ ಶತಮಾನದ ಯುರೋಪಿನ ವಿದ್ವಾಂಸರು ಪೂರ್ವದೇಶದ ಕೀಟಗಳಿಗೆ ಹೆಸರಿಡುವಾಗ ನಮ್ಮ ದೇವರುಗಳನ್ನೂ ಬಿಡಲಿಲ್ಲ.

ಎಲ್ಲವೂ ಹೀಗೆ ಮರುದಿನವೇ ಹೆಸರು ಹೇಳುವುದಿಲ್ಲ. ಭಾರತದಲ್ಲಿ ಚಿಟ್ಟೆಗಳ 1,300ಕ್ಕೂ ಹೆಚ್ಚು ಪ್ರಭೇದಗಳಿದ್ದರೆ, ಪತಂಗಗಳ ಪ್ರಭೇದಗಳು 10 ಸಾವಿರಕ್ಕೂ ಹೆಚ್ಚು. ಹ್ಯಾಂಪ್ಸನ್ 1892ರಿಂದ 1896ರವರೆಗೆ ನಾಲ್ಕು ಸಂಪುಟಗಳಲ್ಲಿ ಬ್ರಿಟಿಷ್ ಭಾರತದ ಪತಂಗಗಳನ್ನು ವಿವರಿಸಿದ. ನಮ್ಮ ಕಾಲದಲ್ಲಿ ವಿ. ಶುಭಲಕ್ಷ್ಮಿಯವರ ಕೈಪಿಡಿ ಇದೆ. ಬೆಂಗಳೂರಿನ ಸಂಶೋಧಕರು ನಡೆಸುವ ಭಾರತೀಯ ಪತಂಗಗಳ ಜಾಲತಾಣವಿದೆ. ಇಷ್ಟಿದ್ದರೂ ಹಲವು ಪತಂಗಗಳನ್ನು ಚಿತ್ರದಿಂದ ಗುರುತಿಸಲು ಆಗುವುದೇ ಇಲ್ಲ. ಅವುಗಳ ಅಂಗಾಂಗವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಬೇಕು. ಚಿತ್ರ ತೆಗೆದೊಡನೆ ಹೆಸರು, ಹೆಸರಿನೊಡನೆ ಮೆಚ್ಚುಗೆ ಎಂಬ ಇಂದಿನ ಅವಸರಕ್ಕೆ ಪತಂಗ ಒಗ್ಗುವುದಿಲ್ಲ. ನನ್ನ ಟಿಪ್ಪಣಿ ಪುಸ್ತಕದ ಅರ್ಧಕ್ಕಿಂತ ಹೆಚ್ಚಿನ ಪುಟಗಳಲ್ಲಿ ತಾರೀಖು, ವೇಳೆ, ಕುಳಿತ ಭಂಗಿ, ಹತ್ತಿರದ ಗಿಡ ಇವಿಷ್ಟೇ ಇವೆ. ಹೆಸರಿನ ಜಾಗ ಖಾಲಿ. ಆ ಖಾಲಿ ಜಾಗದೊಂದಿಗೆ ಬಾಳುವುದೂ ಒಂದು ವಿದ್ಯೆ ಎಂದು ನನ್ನ ಭಾವನೆ.

ಈಗ ಉಪಮೆಯ ವಿಚಾರಕ್ಕೆ ಬರುತ್ತೇನೆ. ಪತಂಗ ದೀಪಕ್ಕೆ ಮೋಹಗೊಂಡು ಬರುತ್ತದೆಯೆ? 2024ರ ಜನವರಿಯಲ್ಲಿ ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಸ್ಯಾಮ್ಯುಯಲ್ ಫೇಬಿಯನ್, ಯಶ್ ಸೋಂಧಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದಕ್ಕೆ ಬೇರೆಯೇ ಉತ್ತರ ಕೊಡುತ್ತದೆ. ಅತಿವೇಗದ ಕ್ಯಾಮೆರಾಗಳಿಂದ ದೀಪದ ಸುತ್ತಲಿನ ಹಾರಾಟವನ್ನು ಸೆರೆಹಿಡಿದ ಅವರಿಗೆ ಕಂಡದ್ದು ಇದು: ಹಾರುವ ಕೀಟಗಳು ತಮ್ಮ ಬೆನ್ನನ್ನು ಬೆಳಕಿನ ಕಡೆಗೆ ತಿರುಗಿಸಿಕೊಳ್ಳುತ್ತವೆ. ಕೋಟ್ಯಂತರ ವರ್ಷಗಳಿಂದ ಇರುಳಿನಲ್ಲಿಯೂ ನೆಲಕ್ಕಿಂತ ಆಕಾಶವೇ ಹೆಚ್ಚು ಬೆಳಕಿನದು. ಬೆನ್ನನ್ನು ಬೆಳಕಿನತ್ತ ಇಟ್ಟರೆ ದೇಹ ನೆಟ್ಟಗಿರುತ್ತದೆ. ನಾವು ಪಕ್ಕದಲ್ಲೊಂದು ದೀಪ ಹಚ್ಚಿದೊಡನೆ ಅದಕ್ಕೆ ಮೇಲು ಕೆಳಗುಗಳ ಅರಿವು ತಪ್ಪುತ್ತದೆ. ಬೆನ್ನು ದೀಪದತ್ತ ವಾಲಿ, ಹಾರುವ ದಾರಿ ಬಾಗಿ, ಅದು ಸುತ್ತತೊಡಗುತ್ತದೆ. ದೀಪದ ಮೇಲೆ ಹಾದುಹೋದರೆ ತಲೆಕೆಳಗಾಗಿ ನೆಲಕ್ಕೆ ಬೀಳುತ್ತದೆ. ಅಲ್ಲಿ ಮೋಹದ ಕುರುಹಿಲ್ಲ. ದಿಕ್ಕು ತಪ್ಪಿದ ಪ್ರಯಾಣಿಕನನ್ನು ನಾವು ಕಾಮುಕನೆಂದೂ ಪ್ರೇಮಿಯೆಂದೂ ಶತಮಾನಗಳ ಕಾಲ ಕರೆದಿದ್ದೇವೆ.

ಅದೇ ಅಧ್ಯಯನದಲ್ಲಿ ಈ ನಿಯಮಕ್ಕೆ ಹೊರತಾಗಿ ನಿಂತ ಒಂದು ಪತಂಗವೂ ಇದೆ. ಕಣಗಿಲೆ ಮತ್ತು ನಂದಿಬಟ್ಟಲಿನ ಎಲೆಗಳನ್ನು ತಿಂದು ಬೆಳೆಯುವ, ಹಸಿರು ಗುಲಾಬಿ ಬಣ್ಣಗಳ ಸುಂದರ ಪತಂಗ ಅದು. ಅದು ದೀಪದ ಮೇಲೆ ಹಾದುಹೋದಾಗಲೂ ಬೆನ್ನು ವಾಲಿಸಲಿಲ್ಲ. ನನ್ನ ಹಿತ್ತಲಿನಲ್ಲಿ ಅದರ ಇರವು ತಿಳಿದದ್ದೂ ದೀಪದಿಂದಲ್ಲ. ನಂದಿಬಟ್ಟಲಿನ ಬರಿದಾದ ರೆಂಬೆಯ ಕೆಳಗೆ, ಹೆಬ್ಬೆರಳು ಗಾತ್ರದ ಹಸಿರು ಹುಳುವೊಂದು ಎರಡು ನೀಲಿ ಕಣ್ಗುರುತುಗಳನ್ನು ತೋರಿಸಿ ನನ್ನನ್ನು ಬೆದರಿಸಿದಾಗ ತಿಳಿಯಿತು. ಪಂಚೆಗೆ ಬಂದದ್ದಷ್ಟೇ ಹಿತ್ತಲಿನ ಲೆಕ್ಕವಲ್ಲ; ಗಿಡದ ಬುಡದಲ್ಲಿ ಕೂರುವವನಿಗೆ ಕಾಣುವುದು ಬೇರೆ.

ಬೆಳಕಿನ ಹಾನಿ ದೀಪದಡಿ ಸತ್ತು ಬಿದ್ದವುಗಳಿಗೆ ಮುಗಿಯುವುದಿಲ್ಲ. 2021ರಲ್ಲಿ ಇಂಗ್ಲೆಂಡಿನಲ್ಲಿ ಡಗ್ಲಸ್ ಬಾಯ್ಸ್ ಮತ್ತು ಸಂಗಡಿಗರು ಬೀದಿದೀಪವಿರುವ ಮತ್ತು ಇಲ್ಲದ ರಸ್ತೆಯಂಚುಗಳನ್ನು ಹೋಲಿಸಿ ನೋಡಿದಾಗ, ದೀಪದಡಿಯ ಬೇಲಿಗಿಡಗಳಲ್ಲಿ ಪತಂಗದ ಮರಿಹುಳುಗಳು ಶೇಕಡ 47ರಷ್ಟು, ಹುಲ್ಲಂಚಿನಲ್ಲಿ ಶೇಕಡ 33ರಷ್ಟು ಕಡಿಮೆಯಿದ್ದವು. ಹಳದಿ ಸೋಡಿಯಂ ದೀಪಗಳಿಗಿಂತ ಬಿಳಿ ಎಲ್‌ಇಡಿಯ ಪ್ರಭಾವ ಹೆಚ್ಚಾಗಿತ್ತು. ನಮ್ಮ ದೇಶದಲ್ಲಿ 2015ರಲ್ಲಿ ಆರಂಭವಾದ ರಾಷ್ಟ್ರೀಯ ಬೀದಿದೀಪ ಯೋಜನೆಯಡಿ 1 ಕೋಟಿಗೂ ಹೆಚ್ಚು ಎಲ್‌ಇಡಿ ದೀಪಗಳು ಬಂದಿವೆ. ವಿದ್ಯುತ್ತಿನ ಉಳಿತಾಯ ನಿಜ, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಬೆಳಕು ಅಗ್ಗವಾದಾಗ ನಾವು ಉಳಿಸುವುದಕ್ಕಿಂತ ಹೆಚ್ಚಾಗಿ ಚೆಲ್ಲುತ್ತೇವೆ.

ನಮ್ಮ ವಸತಿ ಸಮುಚ್ಚಯದಲ್ಲಿಯೂ ಈ ಪ್ರಶ್ನೆ ಎದ್ದಿದೆ. ಹಿಂಭಾಗದ ‘ಕಳೆ’ಯನ್ನೆಲ್ಲ ಸವರಿ, ಸಿಮೆಂಟಿನ ಇಟ್ಟಿಗೆ ಹಾಸಿ, ಎತ್ತರದ ಕಂಬದ ಮೇಲೆ ಪ್ರಖರ ದೀಪಗಳನ್ನು ರಾತ್ರಿಯಿಡೀ ಉರಿಸಬೇಕೆಂಬ ಪ್ರಸ್ತಾವವನ್ನು ನಿವಾಸಿಗಳ ಸಭೆ ಚರ್ಚಿಸುತ್ತಿದೆ. ಕಾರಣಗಳು ಹುಸಿಯಲ್ಲ. ಹೆಣ್ಣುಮಕ್ಕಳು ರಾತ್ರಿ ಪಾಳಿ ಮುಗಿಸಿ ಬರುತ್ತಾರೆ, ಹಾವಿನ ಭಯವಿದೆ, ಎರಡು ಸೈಕಲ್ಲುಗಳು ಕಳುವಾಗಿವೆ. ಹುಳುಗಳಿಗಾಗಿ ಮನುಷ್ಯರು ಕತ್ತಲಲ್ಲಿ ನಡೆಯಬೇಕೆ ಎಂದು ನೆರೆಯವರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನಡೆಯುವ ದಾರಿಗೆ ಬೆಳಕು ಬೇಕು ಎಂಬುದೇ ನನ್ನ ಉತ್ತರ. ದಾರಿಗೆ ಬೇಕಾದ ಬೆಳಕು ಮರದ ನೆತ್ತಿಗೂ ಮಲಗುವ ಕೋಣೆಗೂ ಆಕಾಶಕ್ಕೂ ಏಕೆ ಬೀಳಬೇಕು? ದೀಪಕ್ಕೆ ಮೇಲ್ಮುಚ್ಚಳವಿಟ್ಟು ಬೆಳಕನ್ನು ನೆಲಕ್ಕಿಳಿಸಬಹುದು. ಬಿಳಿಯ ಬದಲು ಹಳದಿ ಛಾಯೆಯ ದೀಪ ಹಾಕಬಹುದು. ಜನಸಂಚಾರವಿಲ್ಲದ ಹಿಂಭಾಗದಲ್ಲಿ, ಯಾರಾದರೂ ಸುಳಿದಾಗ ಮಾತ್ರ ಹೊತ್ತಿಕೊಳ್ಳುವ ದೀಪವಿಡಬಹುದು. ಕಳ್ಳನ ಮಟ್ಟಿಗೆ ಸದಾ ಉರಿಯುವ ದೀಪಕ್ಕಿಂತ ಅದೇ ಹೆಚ್ಚು ಎಚ್ಚರದ್ದು. ಔಡಲ, ಎಕ್ಕ, ಗರಿಕೆಗಳಿಗೆ ಒಂದು ಮೂಲೆಯನ್ನು ಬಿಡಬಹುದು. ಇವಿಷ್ಟನ್ನೂ ಬರೆದು ಕಡತಕ್ಕೆ ಸೇರಿಸಲು ಕೊಟ್ಟಿದ್ದೇನೆ. ತೀರ್ಮಾನ ಇನ್ನೂ ಆಗಿಲ್ಲ.

ಪತಂಗದಿಂದೇನು ಪ್ರಯೋಜನ ಎಂಬ ಪ್ರಶ್ನೆಯೂ ಬರುತ್ತದೆ. ಪ್ರಯೋಜನದ ಭಾಷೆಯಲ್ಲಿಯೇ ಹೇಳುವುದಾದರೆ, ಪರಂಗಿ ಹೂವಿಗೆ ಪರಾಗ ತರುವವರಲ್ಲಿ ಮುಸ್ಸಂಜೆಯ ಪತಂಗಗಳೂ ಇವೆ. ಸಂಜೆ ಅರಳುವ ಬಿಳಿಯ ಹೂಗಳ ಪರಿಮಳ ಮೂಲತಃ ಇರುಳಿನ ಕೀಟಗಳಿಗೆ ಕಳಿಸಿದ ಓಲೆ; ಮಲ್ಲಿಗೆಯನ್ನು ಮುಡಿಯುವ ನಾವು ಆ ಓಲೆಯನ್ನು ನಡುವೆ ಹಿಡಿದು ಓದಿಕೊಂಡವರು. ಮರಿಗಳ ಬಾಯಿಗೆ ಸಿಂಪಿಗ ಹಕ್ಕಿ ತುರುಕುವ ಹಸಿರು ಹುಳುಗಳಲ್ಲಿ ಪತಂಗದ ಮಕ್ಕಳೂ ಇವೆ. ಇನ್ನು ಕನ್ನಡಿಗರಿಗಂತೂ ಈ ಪ್ರಶ್ನೆ ಒಪ್ಪುವುದಿಲ್ಲ. ದೇಶದ ರೇಷ್ಮೆ ಉತ್ಪಾದನೆಯಲ್ಲಿ ಮೊದಲ ಸ್ಥಾನ ನಮ್ಮ ನಾಡಿನದು. ಪರಊರಿನಲ್ಲಿರುವ ನಮ್ಮ ಮನೆಗಳ ಬೀರುವಿನಲ್ಲಿ ಮಡಚಿಟ್ಟ ಮೈಸೂರು ರೇಷ್ಮೆ ಸೀರೆ, ರೆಕ್ಕೆ ಮೂಡುವ ಮೊದಲೇ ಬಿಸಿನೀರಿಗೆ ಬಿದ್ದ ಪತಂಗಗಳ ಸೊತ್ತು. ಒಂದೊಂದು ಗೂಡಿನ ಎಳೆ ಬಿಚ್ಚಿದರೆ ಸುಮಾರು ಒಂದು ಕಿಲೋಮೀಟರ್.

ಹೆಸರಿನ ವಿಚಾರ ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಕನ್ನಡದಲ್ಲಿ ಈ ಜೀವಿಗಳಿಗೆ ಹೆಸರುಗಳಿಲ್ಲವೆಂದಲ್ಲ. ಕಾಯಿಕೊರಕ, ಕಾಂಡಕೊರಕ, ಎಲೆಸುರುಳಿ ಹುಳು, ಕೆಂಪುತಲೆ ಕಂಬಳಿಹುಳು. 2018ರಲ್ಲಿ ಮೆಕ್ಕೆಜೋಳದ ಹೊಲಗಳಿಗೆ ಹೊರದೇಶದಿಂದ ಬಂದು ಎರಗಿದ ಸೈನಿಕ ಹುಳು. ಇವು ನಷ್ಟದ ಲೆಕ್ಕದ ಪುಸ್ತಕದಿಂದ ಹುಟ್ಟಿದ ಹೆಸರುಗಳು. ರೈತನಿಗೆ ಆ ಲೆಕ್ಕ ಬಿಡುವಂಥದ್ದಲ್ಲ, ಅವನ ಹೆಸರುಗಳಲ್ಲಿ ಖಚಿತವಾದ ನೋಟವಿದೆ. ಆದರೆ ಬೆಳೆಗೆ ತೊಂದರೆ ಕೊಡದೆ ಬದುಕುವ ಸಾವಿರಾರು ಪತಂಗಗಳಿಗೆ ನಾವು ಒಟ್ಟಾಗಿ ‘ದೀಪದ ಹುಳು’ ಎಂದು ಕರೆದು ಕೈತೊಳೆದುಕೊಂಡೆವು. ಇಲ್ಲಿಯ ಮರಾಠಿಯಲ್ಲಿ ‘ಪತಂಗ’ವೆಂದರೆ ಗಾಳಿಪಟವೂ ಹೌದು, ಹಿತ್ತಲಲ್ಲಿ ಪತಂಗ ಬಂದಿದೆಯೆಂದು ಕೇಳಿದ ನೆರೆಮನೆಯ ಹುಡುಗ ದಾರವೆಲ್ಲಿ ಎಂದು ಹುಡುಕುತ್ತ ಬಂದ.

ಇಂಗ್ಲಿಷ್ ಹೆಸರುಗಳ ಅನುವಾದದಿಂದ ಈ ಕೊರತೆ ತುಂಬುವುದಿಲ್ಲ. ವರ್ಜೀನಿಯಾ ವುಲ್ಫ್ ಬರೆದ ‘ದ ಡೆತ್ ಆಫ್ ದ ಮಾತ್’ ಪ್ರಬಂಧವನ್ನು ಎಂ.ಎ. ತರಗತಿಯಲ್ಲಿ ಓದಿದವರಿಗೆ ನೆನಪಿರಬಹುದು: ಕಿಟಕಿಯ ಗಾಜಿನ ಮೇಲೆ ಒದ್ದಾಡುವ ಒಂದು ಹಗಲುಪತಂಗವನ್ನು ಆಕೆ ಕಡೆಯವರೆಗೂ ನೋಡುತ್ತಾಳೆ. ಅಲ್ಲಿಯೂ ಸಾವೇ ವಸ್ತು, ಆದರೆ ನೋಟ ಉಪಮೆಗೆ ಜಿಗಿಯುವ ಮುನ್ನ ಹುಳುವಿನ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ನಮ್ಮಲ್ಲಿ ತೇಜಸ್ವಿಯವರು ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕದ ಮೂಲಕ ಅಂಥ ನಿಂತ ನೋಟವನ್ನು ಹಕ್ಕಿಗಳಿಗೆ ಕೊಟ್ಟರು. ಪತಂಗಗಳಿಗೂ ಅಂಥದೊಂದು ಪುಸ್ತಕ ಬೇಕು. ತಿನ್ನುವ ಗಿಡ, ಕೂರುವ ಭಂಗಿ, ಬರುವ ಮಳೆ ಇವುಗಳಿಂದ ಹೆಸರುಗಳು ಹುಟ್ಟಬೇಕು. ಅತ್ತಿಪತಂಗ, ಔಡಲಪತಂಗ, ರೋಹಿಣಿಯ ಹಸಿರು ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಇವೇ ನಿಲ್ಲಬೇಕೆಂಬ ಹಟವಿಲ್ಲ. ಇವಕ್ಕಿಂತ ಒಳ್ಳೆಯದು ಶಿರಸಿಯ ಯಾವುದೋ ಅಡಿಕೆ ತೋಟದಲ್ಲಿ ಈಗಾಗಲೇ ಬಳಕೆಯಲ್ಲಿರಬಹುದು.

ಹೊರನಾಡಿನ ನಮಗೆ ಹಿತ್ತಲಿಲ್ಲ, ಬರಿಯ ಬಾಲ್ಕನಿ ಎನ್ನುವವರು ಬಹಳ. ಅವರಿಗೂ ಕೆಲಸವಿದೆ. ಮುಂಬಯಿಯ, ಚೆನ್ನೈನ ಮನೆಗಳ ಗೋಡೆಯ ಮೇಲೆ ಕುಂಬಳದ ಬೀಜದಾಕಾರದ ಬೂದು ಚೀಲವೊಂದು ಮೆಲ್ಲಗೆ ತೆವಳುವುದನ್ನು ನೀವು ನೋಡಿರುತ್ತೀರಿ, ಬಹುಶಃ ಪೊರಕೆಯಿಂದ ಗುಡಿಸಿರುತ್ತೀರಿ. ಅದು ಧೂಳು ಮರಳಿನ ಕಣಗಳನ್ನು ರೇಷ್ಮೆಯಲ್ಲಿ ನೇಯ್ದು ಹೊದ್ದ ಪತಂಗದ ಮರಿಹುಳು. ನಿಂತು ನೋಡಿದರೆ ಎರಡು ತುದಿಯಿಂದಲೂ ತಲೆ ಹಾಕುತ್ತದೆ. ನಮ್ಮ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವಗಳನ್ನು ಶ್ರದ್ಧೆಯಿಂದ ಆಚರಿಸುತ್ತವೆ, ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸುತ್ತವೆ. ಶಿಬಿರದ ಒಂದು ಸಂಜೆಯನ್ನು ಇದಕ್ಕೆ ಕೊಡಲಿ. 2012ರಿಂದ ಜುಲೈ ಕೊನೆಯ ವಾರದಲ್ಲಿ ಹಲವು ದೇಶಗಳಲ್ಲಿ ಪತಂಗ ಸಪ್ತಾಹ ನಡೆಯುತ್ತಿದೆ. ಮೊದಲ ಮಳೆಯ ನಂತರದ ಆ ದಿನಗಳು ನಮ್ಮ ಪಾಲಿಗೂ ಸುಗ್ಗಿ. ಒಂದು ಪಂಚೆ, ಒಂದು ಬಲ್ಬು, ಒಂದು ಟಿಪ್ಪಣಿ ಪುಸ್ತಕ ಸಾಕು. ಬಂದದ್ದಕ್ಕೆ ಮಕ್ಕಳೇ ಕನ್ನಡದಲ್ಲಿ ಹೆಸರಿಡಲಿ. ಒಂಬತ್ತು ಗಂಟೆಗೆ ದೀಪ ಆರಿಸುವ ಕೆಲಸವನ್ನೂ ಅವರಿಗೇ ವಹಿಸೋಣ.