ಫರಸಿ ಕಲ್ಲಿನ ಚಿತ್ರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯಲ್ಲಿ ಕ್ಯಾಮೆರಾ ಹಿಡಿದು ಹೊರಟವರು ಕಾಗಿಣಾ ದಡದ ಮಳಖೇಡ ಕೋಟೆಗೋ, ನಾಗಾವಿಯ ಅರವತ್ತು ಕಂಬದ ಗುಡಿಗೋ, ಇನ್ನೂ ದೂರ ಹೋಗಬಲ್ಲವರು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಚಿಂಚೋಳಿಯ ಕಾಡಿಗೋ ಹೋಗುವುದು ರೂಢಿ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಚಿತ್ರಕ್ಕೆ ಯೋಗ್ಯವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ದಾರಿಯುದ್ದಕ್ಕೂ ಮನೆಯ ನೆಲವಾಗಿ, ಮಾಳಿಗೆಯ ಹೊದಿಕೆಯಾಗಿ, ಹೊಲದಂಚಿನ ತಡೆಯಾಗಿ ಕಾಣುವ ಫರಸಿ ಕಲ್ಲು, ಅಂದರೆ ಹೊರಗಿನವರು ಶಹಾಬಾದ್ ಕಲ್ಲೆಂದು ಕರೆಯುವ ಹಾಸುಗಲ್ಲು, ಚೌಕಟ್ಟಿನೊಳಗೆ ಬರುವುದು ಬಹಳ ಅಪರೂಪ.

ಭೀಮಾ ಕೊಳ್ಳದ ಈ ಸುಣ್ಣಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಸಂಚಯಗೊಂಡದ್ದರಿಂದ ಖಣಿಯಲ್ಲಿ ಉಳಿ, ಸುತ್ತಿಗೆಗಳ ಪೆಟ್ಟಿಗೆ ಪುಸ್ತಕದ ಹಾಳೆಯಂತೆ ಬಿಡಿಸಿಕೊಳ್ಳುತ್ತದೆ. ಅದನ್ನೇ ಪುಡಿಮಾಡಿ ಸುಟ್ಟು ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳು ಸಿಮೆಂಟ್ ತಯಾರಿಸುತ್ತವೆ. ಸೂರ್ಯ ನೆತ್ತಿಯ ಮೇಲಿರುವಾಗ ತೆಗೆದ ಚಿತ್ರದಲ್ಲಿ ಫರಸಿ ನೆಲ ಬರಿಯ ಬೂದುಬಣ್ಣದ ಹರವು. ಬೆಳಗಿನ ಅಥವಾ ಸಂಜೆಯ ಓರೆ ಬೆಳಕು, ಎಂದರೆ ಮೇಲ್ಮೈಯನ್ನು ಸವರಿಕೊಂಡು ಹಾಯುವ ಬೆಳಕು ಬಿದ್ದಾಗ ಮಾತ್ರ ಉಳಿಯ ಗೀರು, ಪದರ ಕಿತ್ತ ಅಂಚು, ಹೊಸ್ತಿಲ ಬಳಿ ಕಾಲುಗಳು ಸವೆಸಿದ ತಗ್ಗು ತಮ್ಮ ತಮ್ಮ ನೆರಳಿನಿಂದ ಬೇರೆಬೇರೆಯಾಗಿ ಎದ್ದು ಕಾಣುತ್ತವೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ, ಭೀಮಾ ತೀರದ ಉತ್ಖನನದಲ್ಲಿ ದೊರೆತ ಬೌದ್ಧ ಸ್ತೂಪದ ಫಲಕಗಳನ್ನು ಓದುವುದಕ್ಕೂ ಇದೇ ಓರೆ ಬೆಳಕು ಬೇಕಾಗುತ್ತದೆ, ಏಕೆಂದರೆ ಅಶೋಕನ ಹೆಸರನ್ನು ಬ್ರಾಹ್ಮಿ ಲಿಪಿಯಲ್ಲಿ ಹೊತ್ತ ಪ್ರಸಿದ್ಧ ಶಿಲ್ಪವೂ ಸೇರಿದಂತೆ ಅವು ಸುಣ್ಣಕಲ್ಲಿನ ಮೇಲಿನ ಉಬ್ಬುಗೆತ್ತನೆಗಳು. ಅಲ್ಲಿಯ ಅರಸನನ್ನು ನೋಡಲು ಬಂದವರು ಮನೆಯಂಗಳದ ಹಾಸನ್ನೂ ಅದೇ ಕಲ್ಲಿನ ವಂಶವೆಂದು ಗುರುತಿಸುವಂತಾದರೆ ಛಾಯಾಚಿತ್ರ ತನ್ನ ಕೆಲಸ ಮಾಡಿದಂತೆ. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ವಿಗ್ರಹದ ಪೀಠವಾಗಿದ್ದ ಕಲ್ಲೊಂದು ಅಶೋಕನ ಶಾಸನವೆಂದು ತಿಳಿದದ್ದು 1980ರ ದಶಕದಲ್ಲಿ, ಅದೂ ಗುಡಿಯ ಚಾವಣಿ ಕುಸಿದ ಮೇಲೆ. ಅಲ್ಲಿಯತನಕ ಭಕ್ತರೂ ವಿದ್ವಾಂಸರೂ ಅದರೆದುರೇ ಓಡಾಡಿದ್ದರು.

ಹೀಗೆ ಕಣ್ಣೆದುರೇ ಇರುವುದನ್ನು ಕಾಣಲು ಹೊಸ ನೋಟ ಬೇಕು. ಆದರೆ ಹೊಸ ನೋಟವೆಂದರೆ ವಿಚಿತ್ರ ಕೋನವೆಂಬ ನಂಬಿಕೆ, ನೆಲಕ್ಕೊರಗಿ ಚಿಮಣಿಯನ್ನು ಚಿತ್ರಿಸುವ ಚಟ, ಈಗ ಡ್ರೋನ್‌ನಿಂದ ಮತ್ತಷ್ಟು ಬಲಗೊಂಡಿದೆ. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಷರ್ ದಂಪತಿ 1959ರಿಂದ ಇದಕ್ಕೆ ತೀರ ವಿರುದ್ಧವಾದ ಮಾರ್ಗ ಹಿಡಿದು, ಸುಣ್ಣದ ಭಟ್ಟಿ, ನೀರಿನ ಗೋಪುರ, ಗಣಿಯ ಎತ್ತುಗಂಬಗಳನ್ನು ಮೋಡ ಕವಿದ ದಿನಗಳ ನೆರಳಿಲ್ಲದ ಬೆಳಕಿನಲ್ಲಿ, ಎದುರಿನಿಂದ ನೇರವಾಗಿ ತೆಗೆದು, ಒಂದೇ ಜಾತಿಯ ಕಟ್ಟಡಗಳನ್ನು ಸಾಲಾಗಿ ಜೋಡಿಸಿ ತೋರಿಸಿದರು. 1990ರ ವೆನಿಸ್ ಬಿಯೆನಾಲೆಯಲ್ಲಿ ಆ ಛಾಯಾಚಿತ್ರಗಳಿಗೆ ಶಿಲ್ಪಕಲೆಯ ಪ್ರಶಸ್ತಿ ಸಂದಿತು. ವಾಡಿಯ ಕಾರ್ಖಾನೆಗಳಿಗೂ ಜಂಕ್ಷನ್ನಿನ ಹಳಿಗಳಿಗೂ ಈ ನಿಧಾನದ, ಹಟದ ನೋಟವೇ ಹೆಚ್ಚು ಒಪ್ಪುತ್ತದೆ. ಆದರೆ ಬೆಷರ್ ದಂಪತಿಯ ಚಿತ್ರಗಳಲ್ಲಿ ಮನುಷ್ಯರಿಲ್ಲ, ಖಣಿಯಲ್ಲಿಯೋ ದುಡಿಯುವವರ ಕೈಯಿಲ್ಲದೆ ಕಲ್ಲೇ ಏಳುವುದಿಲ್ಲ. ಈ ಕೊರತೆಯನ್ನು ತುಂಬಲು ಕನ್ನಡದಲ್ಲೇ ಮೇಲ್ಪಂಕ್ತಿಯಿದೆ: ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009) ತಮ್ಮ ಬದುಕಿನುದ್ದಕ್ಕೂ ಸಾಮಾನ್ಯರ ದಿನಚರಿಯನ್ನು ಕರುಣೆಯ ಪ್ರದರ್ಶನವಿಲ್ಲದೆ ಚಿತ್ರಿಸಿದರು.

ಕಲ್ಲು ತೆಗೆದು ಬಿಟ್ಟ ಖಣಿಗಳು ಮಳೆನೀರು ತುಂಬಿ ಹೊಂಡಗಳಾಗುತ್ತಿವೆ, ಫರಸಿ ಮಾಳಿಗೆಗಳು ಇಳಿದು ಆರ್‌ಸಿಸಿ ಚಾವಣಿಗಳು ಏರುತ್ತಿವೆ. ಆದ್ದರಿಂದ ಈ ತಾಲ್ಲೂಕುಗಳ ಓದುಗರು ತಮ್ಮ ಮನೆ ಅಥವಾ ಊರಂಚಿನ ಖಣಿಯನ್ನು ಒಂದೇ ಜಾಗದಲ್ಲಿ ನಿಂತು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಚಿತ್ರಿಸಬೇಕು. ಪ್ರತಿ ಚಿತ್ರದೊಂದಿಗೆ ಊರು, ದಿನಾಂಕ, ಹೊತ್ತು ಬರೆದಿಡಬೇಕು. ಚಿತ್ರದೊಳಗೆ ದುಡಿಯುವವರು ಬಂದರೆ ಮೊದಲು ಅವರ ಒಪ್ಪಿಗೆ ಕೇಳಬೇಕು.